ಅಕ್ಕ ಹಿಡಿದು ಕೂರುತ್ತಿದ್ದ ಪಿನ್ನು

ತಿ. ನರಸೀಪುರದ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ, ಒಂದು ಜೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ, ಕಂಪ್ಯೂಟರ್ ರಿಪೇರಿ ಮಾಡುವವರೊಬ್ಬರು ಇದ್ದಾರೆ. ಕಳೆದ ಸುಗ್ಗಿಯ ಹೊತ್ತಿನಲ್ಲಿ ನನ್ನ ಹಳೆಯ ಲ್ಯಾಪ್‌ಟಾಪನ್ನು ಅವರ ಮೇಜಿನ ಮೇಲಿಟ್ಟೆ. ಅವರು ಅದನ್ನು ಬೋರಲು ಹಾಕಿ, ತಳದ ತಿರುಪುಗಳನ್ನೆಲ್ಲ ಬಿಚ್ಚಿ, ಮುಚ್ಚಳ ಎತ್ತಿ ಒಳಗೆ ಇಣುಕಿದರು. ಆಮೇಲೆ ಬೆರಳ ತುದಿಗೆ ಏನನ್ನೋ ಅಂಟಿಸಿಕೊಂಡು ನನ್ನ ಮುಂದೆ ಹಿಡಿದರು.

"ಮೇಡಂ, ಇದೇನ್ರೀ ಇದು? ರಾಗಿ ಅಲ್ವಾ?"

ರಾಗಿಯೇ ಆಗಿತ್ತು. ಫ್ಯಾನಿನ ಮೂಲೆಯಲ್ಲಿ ಧೂಳು ಉಂಡೆಕಟ್ಟಿಕೊಂಡಿತ್ತು. ಅದರೊಳಗೆ ನಾಲ್ಕಾರು ಕಾಳುಗಳು, ಬಣ್ಣ ಕೂಡ ಮಾಸದೆ, ಹಾಗೆಯೇ ಕುಳಿತಿದ್ದವು.

"ಎಷ್ಟೋ ಮಿಷಿನ್ ಬಿಚ್ಚಿವ್ನಿ ಕಣ್ರೀ. ಜಿರಳೆ ನೋಡಿವ್ನಿ, ಇರುವೆ ಗೂಡು ನೋಡಿವ್ನಿ. ಬಿತ್ನೆ ಮಾಡಿರೋ ಲ್ಯಾಪ್‌ಟಾಪು ನೋಡ್ತಿರೋದು ಇದೇ ಫಸ್ಟು."

ಪಕ್ಕದಲ್ಲಿ ನಿಂತಿದ್ದ ಗಿರಾಕಿಯೊಬ್ಬರು ನಕ್ಕರು. ನಾನು ಅದೇ ಊರಿನ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಅಂಗಡಿಯಲ್ಲಿ ವಿದ್ಯಾರ್ಥಿಗಳು ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ಸುತ್ತ ನೋಡಿಕೊಂಡು, "ಅದು ಬಹಳ ಹಿಂದೆ, ಊರಿನಲ್ಲಿ, ಆಕಸ್ಮಿಕವಾಗಿ ಸೇರಿಕೊಂಡದ್ದು" ಎಂದೆ. ನನ್ನ ಕಿವಿಗೇ ಅದು ಉತ್ತರಪತ್ರಿಕೆಯ ವಾಕ್ಯದಂತೆ ಕೇಳಿಸಿತು.

ಅಂಗಡಿಗೆ ಬರುವ ಮೊದಲು ನನಗೆ ತಿಳಿದಷ್ಟು ಪರೀಕ್ಷೆಗಳನ್ನು ಕೋಣೆಯಲ್ಲೇ ಮಾಡಿ ನೋಡಿದ್ದೆ. ಗೋಡೆಯ ಪ್ಲಗ್ಗು ಬದಲಿಸಿದ್ದೆ. ಸಹೋದ್ಯೋಗಿಯೊಬ್ಬರ ಚಾರ್ಜರ್ ಇದಕ್ಕೆ ಹೊಂದುತ್ತಿದ್ದುದರಿಂದ ಅದನ್ನು ತಂದು ಚುಚ್ಚಿದ್ದೆ. ಬ್ಯಾಟರಿ ತೆಗೆದು, ಪವರ್ ಬಟನ್ನನ್ನು ಒತ್ತಿ ಹಿಡಿದು, ಬಿಟ್ಟು, ಮತ್ತೆ ಹಾಕಿದ್ದೆ. ಯಾವುದರಿಂದಲೂ ಜೀವ ಬರಲಿಲ್ಲ; ಪಿನ್ನನ್ನು ಕೈಯಲ್ಲಿ ಹಿಡಿಯುವುದು ತಪ್ಪಿ ಎಷ್ಟೋ ಕಾಲವಾಗಿದ್ದರಿಂದ ಅದೊಂದು ನನಗೆ ಹೊಳೆಯಲಿಲ್ಲ. ಅಂಗಡಿಯವರಾದರೋ ಚಾರ್ಜರಿನ ಪಿನ್ನನ್ನು ಅದರ ತೂತಿಗೆ ಚುಚ್ಚಿ, ಹೆಬ್ಬೆರಳಿನಿಂದ ಒಂದಿಷ್ಟು ಮೇಲಕ್ಕೆ, ಒಂದಿಷ್ಟು ಎಡಕ್ಕೆ ಒತ್ತಿದರು. ಕಿತ್ತಳೆ ಬಣ್ಣದ ದೀಪ ಹೊತ್ತಿಕೊಂಡಿತು.

"ನೋಡಿ, ಇಷ್ಟೇಯ. ಪಿನ್ ಓಗಿ ಕೂರೋ ಜಾಕ್ ಬೋರ್ಡಿಂದ ಎದ್ದ್ಬುಟ್ಟದೆ. ಇಂಗೆ ಇಡ್ಕೊಂಡಿದ್ರೆ ಓಡ್ತದೆ, ಬುಟ್ರೆ ಆಫು. ಬ್ಯಾಟ್ರಿ ಎಂಗೂ ಸತ್ತೋಗದೆ. ಹೊಸಾ ಜಾಕ್ ಹಾಕಿ ಬೆಸುಗೆ ಮಾಡ್ಬುಡ್ತೀನಿ. ಆಮೇಲೆ ಯಾರೂ ಇಡ್ಕೊಂಡ್ ಕುಂತಿರ್ಬೇಕಾಗಿಲ್ಲ."

ಅದು ರಿಪೇರಿ ಮಾಡುವವರು ದಿನವೂ ಆಡುವ ಮಾತು. ಅದನ್ನು ಕೇಳಿ ನಾನು ಸಂತೋಷಪಡಬೇಕಾಗಿತ್ತು. ಬದಲಾಗಿ, "ಈಗ ಬೇಡ. ಇನ್ನೊಮ್ಮೆ ತರುತ್ತೇನೆ, ಮುಚ್ಚಿಬಿಡಿ" ಎಂದುಬಿಟ್ಟೆ. ಅವರು ನನ್ನ ಮುಖ ನೋಡಿ, ತಿರುಪುಗಳನ್ನು ಮತ್ತೆ ಒಂದೊಂದಾಗಿ ಬಿಗಿದರು.

ಏಕೆ ಹಾಗೆ ಹೇಳಿದೆನೆಂಬುದು ಬಸ್ ನಿಲ್ದಾಣ ತಲಪುವಷ್ಟರಲ್ಲಿ ನನಗೆ ಸ್ಪಷ್ಟವಾಗಿತ್ತು. ಆ ಪಿನ್ನನ್ನು ವರ್ಷಗಟ್ಟಲೆ ಹಿಡಿದು ನನ್ನ ಪಕ್ಕದಲ್ಲಿ ಕುಳಿತಿದ್ದವಳು ನನ್ನ ಅಕ್ಕ. ಈಗ ಅವಳು ಇದೇ ತಾಲ್ಲೂಕಿನ ಹೆಮ್ಮಿಗೆಯಲ್ಲಿ, ನನ್ನ ಕೋಣೆಯಿಂದ ಬಸ್ಸಿನಲ್ಲಿ ಅಷ್ಟೇನೂ ದೂರವಲ್ಲದ ಕಡೆ ಇದ್ದಾಳೆ. ಆದರೂ ನಾವಿಬ್ಬರೂ ಒಂದು ಗಂಟೆ ಪಕ್ಕಪಕ್ಕದಲ್ಲಿ ಕುಳಿತು ಎಷ್ಟೋ ಕಾಲವಾಗಿತ್ತು. ಹಬ್ಬಕ್ಕೆ ಹೋದರೆ ಅವಳು ಅಡುಗೆಮನೆಯಲ್ಲಿ, ನಾನು ನೆಂಟರ ಜೊತೆ ಪಡಸಾಲೆಯಲ್ಲಿ. ಅವಳನ್ನು ಮತ್ತೊಮ್ಮೆ ನನ್ನ ಪಕ್ಕಕ್ಕೆ ಕರೆತರಬಲ್ಲ ಕೆಲಸ ಈ ಪ್ರಪಂಚದಲ್ಲಿ ಒಂದೇ ಇದ್ದಂತೆ ನನಗೆ ಕಂಡಿತು. ಅದನ್ನು ಬೆಸುಗೆ ಹಾಕಿ ಮುಗಿಸಿಬಿಡಲು ಮನಸ್ಸು ಬರಲಿಲ್ಲ.

ರಾಗಿಯ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ಪಿನ್ನಿನ ಕಥೆ ಅಲ್ಲಿಂದಲೇ ಶುರುವಾದದ್ದು.

ನಮ್ಮ ಊರು ನಂಜನಗೂಡು ತಾಲ್ಲೂಕಿನಲ್ಲಿ, ಚಿಕ್ಕಯ್ಯನಛತ್ರಕ್ಕೆ ಹತ್ತಿರ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನಾನು ಡಿಗ್ರಿಗೆ ಸೇರಿದಾಗ, ಮೈಸೂರಿನಲ್ಲಿ ಡ್ರೈವರ್ ಆಗಿದ್ದ ಸೋದರಮಾವ ತಮ್ಮ ಆಫೀಸಿನವರು ಬಳಸಿ ಬಿಟ್ಟ ಲ್ಯಾಪ್‌ಟಾಪೊಂದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತಂದುಕೊಟ್ಟರು. ಮನೆಗೆ ಬಂದಾಗಲೇ ಅದು ಹಳೆಯದು. ಅದರ ಬ್ಯಾಟರಿಗೆ ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಮಾತ್ರ ಉಸಿರಿತ್ತು. ಆದರೂ ಅವ್ವ ಅದಕ್ಕೊಂದು ಮಣೆ ಕೊಟ್ಟು, ಮೇಲೆ ತನ್ನ ಹಳೆಯ ರೇಷ್ಮೆ ರವಿಕೆಯ ಬಟ್ಟೆಯನ್ನು ಹೊದಿಸಿ ಇಡುತ್ತಿದ್ದಳು.

ಆ ವರ್ಷದ ಆಯುಧಪೂಜೆಯಲ್ಲಿ ಅಪ್ಪ ಅಂಗಳದಲ್ಲಿ ನೇಗಿಲು, ಕುಡುಗೋಲು, ಗುದ್ದಲಿ, ಸೈಕಲ್ಲು, ಔಷಧಿ ಹೊಡೆಯುವ ಪಂಪು ಎಲ್ಲವನ್ನೂ ಸಾಲಾಗಿ ಜೋಡಿಸಿದ್ದರು. ಆ ಸಾಲಿನ ಕೊನೆಯಲ್ಲಿ ನನ್ನ ಲ್ಯಾಪ್‌ಟಾಪೂ ಕುಳಿತಿತ್ತು. ಪೂಜೆಗಿಡುವ ಆಯುಧವನ್ನು ತೊಳೆಯದೆ ಇಡುವ ಪದ್ಧತಿ ನಮ್ಮಲ್ಲಿಲ್ಲ. ನಾನು ಸ್ನಾನಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಅವ್ವ ಒದ್ದೆ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಅದ್ದಿ, ಕೀಲಿಗಳ ಸಂದುಗೊಂದನ್ನೆಲ್ಲ ಬಿಡದೆ ಉಜ್ಜಿ, ವಿಭೂತಿ ಬಳಿದು, ಚೆಂಡುಹೂವು ಮುಡಿಸಿದ್ದಳು.

ನಾನು ಕಿರುಚಿಕೊಂಡದ್ದಕ್ಕೆ ಅವಳಿಗೆ ನಿಜವಾಗಿ ಆಶ್ಚರ್ಯವಾಯಿತು.

"ಯಾಕ್ ಮಗ ಅಂಗ್ ಬಡ್ಕೊಂಡೆ? ಎಲ್ಲಾನೂ ತೊಳ್ದಿವ್ನಿ, ನಿಂದೊಂದೇ ಕೊಳೇಲಿ ಇರ್ಲಿ ಅಂತ ಬುಡಾದಾ?"

ಸೋದರಮಾವನಿಗೆ ಫೋನ್ ಮಾಡಿದೆವು. ಆನ್ ಮಾಡಬೇಡಿ, ಒಣಗುವ ತನಕ ಅಕ್ಕಿಯೊಳಗೆ ಹುದುಗಿಸಿಡಿ, ಅಕ್ಕಿ ತೇವವನ್ನು ಎಳೆದುಕೊಳ್ಳುತ್ತದೆ ಎಂದರು. ನಾನು ಫೋನ್ ಇಟ್ಟು ಹೊರಗೆ ಹೋಗಿ ಒಂದಿಷ್ಟು ಅತ್ತೆ. ಆ ಹೊತ್ತಿನಲ್ಲಿ ಅವ್ವ ಮತ್ತು ಅಕ್ಕ ಸೇರಿ ಲ್ಯಾಪ್‌ಟಾಪನ್ನು ರಾಗಿಯ ಡ್ರಮ್ಮಿನೊಳಗೆ ಹೂತಿಟ್ಟಿದ್ದರು.

"ಅಕ್ಕಿ ಅಂದ್ರಲ್ಲವ್ವ ಮಾವ!"

"ಅಕ್ಕಿ ಎಲ್ಲದೆ ಅಷ್ಟೊಂದು? ಅಕ್ಕಿಗಿಂತ ರಾಗಿ ಗಟ್ಟಿ ಕಣ್ ಸುಮ್ಕಿರು. ರಾಗಿ ತಿಂದವ್ರು ಎಷ್ಟ್ ನೀರ್ ಕುಡೀತಾರೆ ನೋಡಿಲ್ವಾ?"

ಅಕ್ಕ ಅವ್ವನ ಪಕ್ಷ ವಹಿಸಿ ಗಂಭೀರವಾಗಿ ತಲೆಯಾಡಿಸಿದಳು. ಅವಳು ನನಗಿಂತ ಸ್ವಲ್ಪ ದೊಡ್ಡವಳು. ಪಿಯುಸಿ ಮುಗಿದ ಮೇಲೆ "ಇನ್ನು ಓದಿದ್ರೆ ತಲೆ ಸಿಡ್ದೋಯ್ತದೆ" ಎಂದು ತಾನಾಗಿಯೇ ಪುಸ್ತಕ ಕಟ್ಟಿಟ್ಟು, ನಂಜನಗೂಡಿನ ಹತ್ತಿರದ ಒಂದು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಅಲ್ಲಿಯ ಕೆಲಸ, ಗೆಳತಿಯರು, ಬಸ್ಸಿನ ಕಿಟಕಿ ಸೀಟು, ಇವು ಅವಳಿಗೆ ಇಷ್ಟವಾಗಿದ್ದವು. ನನ್ನ ಓದಿಗಾಗಿ ಅವಳು ಏನನ್ನಾದರೂ ತ್ಯಾಗ ಮಾಡಿದಳೆಂದು ಬರೆದರೆ ಅದು ಸುಳ್ಳಾಗುತ್ತದೆ. ಅವಳೇ ಓದಿ ನಕ್ಕುಬಿಡುತ್ತಾಳೆ.

ಅಕ್ಕಿಯ ಕಾಳು ದೊಡ್ಡದು. ರಾಗಿಯ ಕಾಳು ಗಾಳಿಯಾಡಲು ಬಿಟ್ಟ ಕಿಂಡಿಗಳಲ್ಲಿ ಒಂದೊಂದಾಗಿ ಇಳಿದುಹೋಗುವಷ್ಟು ಸಣ್ಣದು. ಹೊರಕ್ಕೆ ತೆಗೆದಾಗ ಲ್ಯಾಪ್‌ಟಾಪು ಗಿಲಕಿಯಂತೆ ಸದ್ದು ಮಾಡುತ್ತಿತ್ತು. ಅಕ್ಕ ಅದನ್ನು ಮೊರದ ಮೇಲೆ ಅಡ್ಡಡ್ಡ, ಉದ್ದುದ್ದ ಆಡಿಸಿ, ಬಂದಷ್ಟು ರಾಗಿಯನ್ನು ಮತ್ತೆ ಡ್ರಮ್ಮಿಗೆ ಸುರಿದಳು. ಆನ್ ಮಾಡಿದಾಗ ದೇವರ ದಯೆಯಿಂದ ಅದಕ್ಕೆ ಜೀವ ಬಂತು. ಅದರ ಜೊತೆಗೆ ಒಳಗಿನಿಂದ ಗರಗರ ಎಂಬ ಸದ್ದೂ ಬಂತು.

"ಅವ್ವೋ, ಬೀಸಕ್ಕೆ ಶುರು ಮಾಡ್ತು ಕಣವ್ವ! ಇಟ್ಟು ಉದುರ್ತದೆ, ಕೆಳಗೊಂದ್ ಪಾತ್ರೆ ಮಡಗು!" ಎಂದು ಅಕ್ಕ ಕೂಗಿದಳು. ಅಳುತ್ತಿದ್ದ ನಾನೂ ನಕ್ಕೆ.

ಆದರೆ ಚಾರ್ಜರಿನ ಪಿನ್ನು ಒಳಗೆ ಹೋಗುತ್ತಿರಲಿಲ್ಲ. ಅದರ ತೂತಿನಲ್ಲೂ ರಾಗಿ ತುಂಬಿಕೊಂಡಿತ್ತು. ಅಕ್ಕ ಗಾರ್ಮೆಂಟ್ಸಿನಿಂದ ತಂದಿದ್ದ ದಪ್ಪ ಸೂಜಿಯಿಂದ ಒಂದೊಂದೇ ಕಾಳನ್ನು ಕೆದಕಿ ತೆಗೆದಳು. ಕೊನೆಯ ಕಾಳು ಹಟ ಹಿಡಿಯಿತು. ಅವಳೂ ಹಟ ಹಿಡಿದಳು. ಒಳಗೆ ಏನೋ ಟಕ್ ಎಂದಿತು. ಕಾಳು ಬಂತು, ಆದರೆ ಅಂದಿನಿಂದ ಆ ಜಾಕ್ ಅಲ್ಲಾಡತೊಡಗಿತು. ಪಿನ್ನನ್ನು ಚುಚ್ಚಿ ಕೈಬಿಟ್ಟರೆ ಕರೆಂಟು ಹರಿಯುತ್ತಿರಲಿಲ್ಲ. ಮೇಲಕ್ಕೊಂದಿಷ್ಟು, ಎಡಕ್ಕೊಂದಿಷ್ಟು ಒತ್ತಿ ಹಿಡಿದರೆ ಮಾತ್ರ ಹರಿಯುತ್ತಿತ್ತು. ಪೂಜೆಯ ನೀರು ಕುಡಿದಿದ್ದ ಬ್ಯಾಟರಿಯಂತೂ ಆ ಗರಗರದೊಂದಿಗೇ ತನ್ನ ಕೊನೆಯ ಉಸಿರು ಬಿಟ್ಟಿತ್ತು.

ಹೀಗಾಗಿ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಎಂಬುದು ಇಬ್ಬರು ಸೇರಿ ನಡೆಸುವ ಯಂತ್ರವಾಯಿತು. ಒಬ್ಬರು ಟೈಪ್ ಮಾಡಬೇಕು, ಇನ್ನೊಬ್ಬರು ಹಿಡಿದಿರಬೇಕು. ಗದ್ದೆಗೆ ಔಷಧಿ ಹೊಡೆಯುವಾಗ ಒಬ್ಬರು ಪೈಪು ಎಳೆಯುವಂತೆ, ಕಂಬಳಿ ಹಿಂಡುವಾಗ ಎರಡು ತುದಿಗೆ ಇಬ್ಬರು ನಿಲ್ಲುವಂತೆ. ನಮ್ಮಲ್ಲಿ ಯಾರಿಗೂ ಅದು ವಿಚಿತ್ರವಾಗಿ ಕಾಣಲಿಲ್ಲ. ರಿಪೇರಿಗೆ ಕೊಡಬೇಕೆಂಬ ಮಾತು ಕೂಡ ಆಗ ಯಾರಿಗೂ ಹೊಳೆಯಲಿಲ್ಲ. ಓಡುತ್ತಿದೆಯಲ್ಲ, ಎಂದರು ಅಪ್ಪ.

ಅಕ್ಕ ಗಾರ್ಮೆಂಟ್ಸಿನಿಂದ ಬಂದು, ಕೈಕಾಲು ತೊಳೆದು, ವಿಭೂತಿ ಇಟ್ಟುಕೊಂಡು, ಟೀ ಲೋಟದೊಡನೆ ನನ್ನ ಎಡಗಡೆಗೆ ಬಂದು ಕುಳಿತುಕೊಳ್ಳುತ್ತಿದ್ದಳು. ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯ ಹೆಬ್ಬೆರಳು ಪಿನ್ನಿನ ಮೇಲೆ. ಆ ಹೆಬ್ಬೆರಳಿನ ತುದಿಯಲ್ಲಿ ಬಟ್ಟೆಯ ನೂಲಿನ ಬಣ್ಣ ಅಂಟಿರುತ್ತಿತ್ತು. ಒಂದು ದಿನ ನೀಲಿ, ಇನ್ನೊಂದು ದಿನ ಕೆಂಪು. ಅದನ್ನು ನೋಡಿಯೇ ಅಂದು ಯಾವ ಬಣ್ಣದ ಶರ್ಟು ಹೊಲಿದರೆಂದು ನಾನು ಹೇಳುತ್ತಿದ್ದೆ.

ಅವಳ ಕೈಯಲ್ಲಿ ನನ್ನ ಪ್ರಾಣವಿದೆಯೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಬುಟ್ಬುಡ್ಲಾ?"

"ಬ್ಯಾಡ ಕಣಕ್ಕ, ಸೇವ್ ಮಾಡಿಲ್ಲ!"

"ಅಂಗಾರೆ ಯೋಳು, ನನ್ ಹಸಿರು ಚೂಡಿದಾರ ನಿನ್ನೆ ಆಕ್ಕೊಂಡ್ ಓಗಿದ್ದೋಳು ಯಾರು?"

"ನಾನೇ. ನಾನೇ ಕಣಕ್ಕ. ಇಡ್ಕೊ."

"ಕೇಳ್ದೆ ಆಕ್ಕೊಂಡೆ ಅನ್ನು."

"ಕೇಳ್ದೆ ಆಕ್ಕೊಂಡೆ."

"ತಪ್ಪಾಯ್ತು ದೊಡ್ಡಮ್ಮಣ್ಣಿಯೋರೇ ಅನ್ನು."

ಅನ್ನದಿದ್ದರೆ ಅವಳು ನಿಜಕ್ಕೂ ಬಿಟ್ಟುಬಿಡುತ್ತಿದ್ದಳು. ಒಮ್ಮೆ ಬಿಟ್ಟೂ ಇದ್ದಳು. ವಿಜಯನಗರದ ಆಡಳಿತ ವ್ಯವಸ್ಥೆಯ ಬಗ್ಗೆ ಟೈಪ್ ಮಾಡಿದ್ದ ಇಡೀ ಪುಟ ಕಣ್ಣೆದುರಿಗೇ ಕಪ್ಪಾಯಿತು. ನಾನು ಮಾತು ಬಿಟ್ಟೆ. ಅವಳು ಹೆದರಿ, ಆ ಪುಟದಲ್ಲಿದ್ದದ್ದನ್ನು ತನಗೆ ನೆನಪಿದ್ದಷ್ಟು ಒಪ್ಪಿಸಿದಳು. ನಾನು ಟೈಪ್ ಮಾಡುವಾಗ ಮೆಲ್ಲಗೆ ಬಾಯಿಬಿಟ್ಟು ಓದಿಕೊಳ್ಳುವ ಅಭ್ಯಾಸವಿತ್ತು. ಅದನ್ನು ಅವಳು ಕೇಳಿಸಿಕೊಳ್ಳುತ್ತಿದ್ದಳು. ಅವಳ ಬಾಯಲ್ಲಿ ಸಾಮ್ರಾಟರೆಲ್ಲ ನಮ್ಮೂರಿನ ಯಜಮಾನರಂತೆ ಮಾತಾಡುತ್ತಿದ್ದರು.

ಮಾತಿನ ವಿಷಯದಲ್ಲಿ ನನಗೆ ಬಹಳ ಹೆದರಿಕೆ. ಕಾಲೇಜಿನಲ್ಲಿ ಸೆಮಿನಾರ್ ಕೊಡುವಾಗ ಎಲ್ಲಿ 'ಹ'ಕಾರ ಬಿಟ್ಟುಹೋಗುತ್ತದೋ, ಯಾರು ನಗುತ್ತಾರೋ ಎಂದು ಮೊದಲೇ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ಆಗಲೂ ಕೇಳುವವಳು ಅಕ್ಕನೊಬ್ಬಳೇ. ನಾನು ಎದ್ದು ನಿಂತು "ಹೊಯ್ಸಳರ ಹಿರಿಮೆ" ಎಂದು ಉಸಿರು ಬಿಟ್ಟು ಹೇಳಿದರೆ, ಅವಳು ಪಿನ್ನು ಹಿಡಿದೇ, "ಸ್ವಲ್ಪ ಮೆಲ್ಲುಕ್ಕೆ ಊದೇ, ದೀಪ ಆರೋಯ್ತದೆ" ಎನ್ನುತ್ತಿದ್ದಳು. ಆದರೂ ಪೂರ್ತಿ ಮುಗಿಯುವವರೆಗೆ ಏಳುತ್ತಿರಲಿಲ್ಲ.

ಹಾಗೆ ಡಿಗ್ರಿ ಮುಗಿಯಿತು. ಮೈಸೂರಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬಂದು ಎಂ.ಎ. ಕೂಡ ಬಹುಪಾಲು ಮುಗಿಯಿತು. ಪ್ರಬಂಧದ ಕೊನೆಯ ಅಧ್ಯಾಯದ ಹೊತ್ತಿಗೆ ಅಕ್ಕನಿಗೆ ಹೆಮ್ಮಿಗೆಯಿಂದ ಸಂಬಂಧ ಬಂತು. ಹುಡುಗನನ್ನು ಅವಳು ಒಪ್ಪಿದಳು. ಬಾವ ಒಳ್ಳೆಯವರು, ನೀರಾವರಿ ಗದ್ದೆ, ಹಸುಗಳು, ತುಂಬಿದ ಮನೆ. ಮದುವೆಯ ಸಡಗರದಲ್ಲಿ ನನಗೆ ಅಳು ಬರಲಿಲ್ಲ. ಮದುವೆ ಮುಗಿದು, ನೆಂಟರು ಹೋಗಿ, ಚಪ್ಪರ ಬಿಚ್ಚಿದ ಮೇಲೆ ಒಂದು ಸಂಜೆ ಲ್ಯಾಪ್‌ಟಾಪ್ ತೆರೆದು, ಪಿನ್ನು ಚುಚ್ಚಿ, ಎಡಗಡೆಗೆ ತಿರುಗಿದೆ. ಹಿಡಿಯುವವರು ಯಾರೂ ಇರಲಿಲ್ಲ.

ಮೊದಲು ಅವ್ವ ಬಂದು ಕುಳಿತಳು. ಅವಳಿಗೆ ಕೂತಲ್ಲೇ ತೂಕಡಿಕೆ. ಕೈ ಜಾರಿ ಲ್ಯಾಪ್‌ಟಾಪ್ ಆರಿಹೋಗುತ್ತಿತ್ತು. ಪಿನ್ನಿನ ಕೆಳಗೆ ಮಡಿಸಿದ ಕಾಗದ ಇಟ್ಟು ನೋಡಿದೆ. ವಯರಿನ ಮೇಲೆ ಇಟ್ಟಿಗೆ ಹೇರಿದೆ. ರಬ್ಬರ್ ಬ್ಯಾಂಡ್ ಸುತ್ತಿದೆ. ಕೊನೆಗೆ ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ಒಂದು ಓರೆಯಲ್ಲಿ ಕಚ್ಚಿಸಿ, ಅದಕ್ಕೆ ದಾರ ಕಟ್ಟಿ, ದಾರವನ್ನು ಕಿಟಕಿಯ ಸರಳಿಗೆ ಬಿಗಿದಾಗ ದೀಪ ಸ್ಥಿರವಾಗಿ ನಿಂತಿತು. ನನ್ನ ಬುದ್ಧಿವಂತಿಕೆಗೆ ಅಪ್ಪ ಮೆಚ್ಚಿದರು. ಆ ಅಧ್ಯಾಯವನ್ನು ನಾನು ಯಾವ ಅಡ್ಡಿಯೂ ಇಲ್ಲದೆ, ಯಾರೂ ಬೆದರಿಸದೆ, ಬಹಳ ಬೇಗ ಮುಗಿಸಿದೆ. ಟೈಪ್ ಮಾಡುವಾಗ ಬಾಯಿಬಿಟ್ಟು ಓದಿಕೊಳ್ಳುವ ಅಭ್ಯಾಸವೂ ಹಾಗೆಯೇ ಬಿಟ್ಟುಹೋಯಿತು.

ಆಮೇಲೆ ತಿ. ನರಸೀಪುರದ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಯೇ ಒಂದು ಕೋಣೆ ಮಾಡಿಕೊಂಡೆ. ಕೆಲಸ ಸಿಕ್ಕಿದ ಸುದ್ದಿ ತಿಳಿದಾಗ ನನಗೆ ಮೊದಲು ಹೊಳೆದದ್ದು ಸಂಬಳವೂ ಅಲ್ಲ, ಪದವಿಯೂ ಅಲ್ಲ. ಅಕ್ಕನ ಊರು ಹತ್ತಿರವಾಯಿತು ಎಂಬುದು. ಆದರೆ ಹತ್ತಿರವಾದದ್ದು ಊರು ಮಾತ್ರ. ಅವಳಿಗೆ ಮಗಳು ಹುಟ್ಟಿದ್ದಳು. ಬೆಳಗ್ಗೆ ಹಾಲು, ಆಮೇಲೆ ಗದ್ದೆಯವರಿಗೆ ಊಟ, ಸಂಜೆ ಮತ್ತೆ ಹಾಲು. ಫೋನ್ ಮಾಡಿದರೆ "ಆಮೇಲ್ ಮಾಡ್ತೀನಿ ಕಣೇ" ಎನ್ನುತ್ತಿದ್ದಳು. ಮರೆಯುತ್ತಿದ್ದಳು. ತಪ್ಪು ಯಾರದೂ ಅಲ್ಲ.

ಇಷ್ಟು ಹಿನ್ನೆಲೆಯಿದ್ದುದರಿಂದ, ಕ್ಲಿಪ್ಪು ಕೂಡ ಕೈಕೊಟ್ಟು ಜಾಕ್ ಪೂರ್ತಿ ಸಡಿಲವಾದ ಆ ದಿನ, ಅಂಗಡಿಯವರ ಮಾತು ಕೇಳಿ ನಾನು ಹಾಗೆ ಎದ್ದು ಬಂದೆ. ಕಾಲೇಜಿಗೆ ಕೊಡಬೇಕಾದ ಪಾಠದ ಟಿಪ್ಪಣಿಗಳು ಅರ್ಧಕ್ಕೆ ನಿಂತಿದ್ದವು. ಶನಿವಾರ ಮಧ್ಯಾಹ್ನ ತಲಕಾಡಿನ ಕಡೆಗೆ ಹೋಗುವ ಬಸ್ಸು ಹತ್ತಿ, ಲ್ಯಾಪ್‌ಟಾಪಿನ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಹೆಮ್ಮಿಗೆಗೆ ಹೋದೆ.

ಅಂಗಳದ ತುಂಬ ಭತ್ತ ಹರಡಿತ್ತು. ಅಕ್ಕ ಸೆರಗನ್ನು ತಲೆಗೆ ಸುತ್ತಿಕೊಂಡು, ಬರಿಗಾಲಿನಲ್ಲಿ ಭತ್ತದೊಳಗೆ ಸಾಲು ಎಳೆಯುತ್ತ ನಡೆಯುತ್ತಿದ್ದಳು. ನನ್ನನ್ನು ಕಂಡು ಅಲ್ಲಿಂದಲೇ ಕೂಗಿದಳು.

"ಓಹೋಹೋ, ಮೇಡಮ್ಮೋರು! ಏನ್ ದಾರಿ ತಪ್ತಾ?"

"ಇಲ್ಲ ಅಕ್ಕ. ಒಂದು ಸಹಾಯ ಬೇಕಾಗಿತ್ತು."

"ಬುಕ್ಕಿನ್ ಥರ ಮಾತಾಡ್ಬ್ಯಾಡ, ಕಾಲ್ ತೊಳ್ಕೊಂಡು ಒಳಕ್ ಬಾ. ಉಂಡ್ಯಾ?"

ಊಟವಾದ ಮೇಲೆ ಪಡಸಾಲೆಯಲ್ಲಿ, ಪ್ಲಗ್ಗಿನ ಹತ್ತಿರ, ಲ್ಯಾಪ್‌ಟಾಪ್ ತೆರೆದೆ. ಪಿನ್ನು ನಿಲ್ಲುತ್ತಿಲ್ಲ, ಸ್ವಲ್ಪ ಹಿಡಿದುಕೊಂಡರೆ ಟಿಪ್ಪಣಿ ಮುಗಿಸಿಬಿಡುತ್ತೇನೆ ಎಂದೆ. ಅವಳು ಬಾಯಿ ತೆರೆದು ಲ್ಯಾಪ್‌ಟಾಪನ್ನೇ ನೋಡಿದಳು.

"ಅಯ್ಯೋ, ಈ ಮುದುಕಿ ಇನ್ನೂ ಬದುಕವ್ಳಾ?"

ಕೈ ಒರೆಸಿಕೊಂಡು ನನ್ನ ಎಡಗಡೆಗೆ ಬಂದು ಕುಳಿತಳು. ಹೆಬ್ಬೆರಳಿಗೆ ಆ ಓರೆ ಇನ್ನೂ ಗೊತ್ತಿತ್ತು. ಒಂದೇ ಸಲಕ್ಕೆ ದೀಪ ಹತ್ತಿತು. ನಾನು ಟೈಪ್ ಮಾಡತೊಡಗಿದೆ. ಅವಳ ಮೈಯಿಂದ ಭತ್ತದ ಧೂಳಿನ, ಹಸುವಿನ ಹಾಲಿನ ವಾಸನೆ ಬರುತ್ತಿತ್ತು. ಏನೋ ಕೇಳಬೇಕೆಂದು ಅವಳು ಬಾಯಿ ತೆರೆದಳು.

ಒಳಗಿನಿಂದ ಅವಳ ಅತ್ತೆ ಕರೆದರು. ಅವಳು ಎದ್ದಳು. ಪರದೆ ಕಪ್ಪಾಯಿತು.

ಬಂದು ಮತ್ತೆ ಹಿಡಿದಳು. ಲ್ಯಾಪ್‌ಟಾಪ್ ಏಳಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಅದು ಎದ್ದು, ಫೈಲು ತೆರೆದುಕೊಳ್ಳುವಷ್ಟರಲ್ಲಿ ಮಗಳು ನಿದ್ದೆಯಿಂದೆದ್ದು ಅತ್ತಳು. ಪರದೆ ಮತ್ತೆ ಕಪ್ಪಾಯಿತು. ಮೂರನೆಯ ಸಲ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡೇ ಹಿಡಿದಳು. ಮಗು ವಯರನ್ನು ಜಗ್ಗಿತು. ಆಮೇಲೆ ಹಾಲು ಕೊಳ್ಳಲು ಯಾರೋ ಬಂದರು. ಪ್ರತಿ ಸಲ ಏಳುವಾಗಲೂ ಅವಳು "ಬಂದೆ ಇರೇ" ಎನ್ನುತ್ತಿದ್ದಳು. ಪ್ರತಿ ಸಲ ಬಂದಾಗಲೂ ಅವಳ ಕಣ್ಣು ಹೊರಗಿನ ಭತ್ತದ ಮೇಲಿರುತ್ತಿತ್ತು. ನಾನು ಮುಗಿಸಿದ್ದು ಒಂದು ಪ್ಯಾರಾ.

"ಅಲ್ಲ ಕಣೇ, ಕಾಲೇಜಲ್ಲಿ ಅಷ್ಟ್ ಮಕ್ಳಿಗೆ ಪಾಠ ಮಾಡ್ತೀಯ, ಇದೊಂದ್ ರಿಪೇರಿ ಮಾಡ್ಸಕ್ಕೆ ಆಯ್ತಿಲ್ವಾ? ನರಸೀಪುರ್ದಲ್ಲಿ ಅಂಗ್ಡಿ ಇಲ್ವಾ?"

"ಇದೆ."

"ಕೊಟ್ಟಿದ್ದಾ?"

"ತೋರಿಸಿದೆ. ಹೊಸ ಜಾಕ್ ಹಾಕಿದರೆ ಸರಿಯಾಗುತ್ತದಂತೆ."

"ಮತ್ತೆ ಆಕ್ಸೋದಲ್ವಾ?"

ನಾನು ಮತ್ತೆ ಟೈಪ್ ಮಾಡತೊಡಗಿದೆ. ಅವಳು ಪಿನ್ನಿನಿಂದ ಕೈ ತೆಗೆದಳು. ಮಗುವನ್ನು ಕೆಳಗಿಳಿಸಿ, ನನ್ನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು.

"ಲೇ. ನಿಂಗೆ ಮಿಷಿನ್ ಸರಿಯಾಗ್ಬೇಕೋ, ನಾನ್ ಬೇಕೋ?"

ಎಷ್ಟೋ ವೇದಿಕೆಗಳಲ್ಲಿ ಬಾಯಿಪಾಠ ಮಾಡಿಕೊಂಡು ಮಾತಾಡಿದ್ದೇನೆ. ಆ ಕ್ಷಣದಲ್ಲಿ ಒಂದು ಸರಿಯಾದ ವಾಕ್ಯ ಬರಲಿಲ್ಲ. "ನೀನೇ ಕಣಕ್ಕ" ಎಂದೆ. ಊರು ಬಿಟ್ಟ ಮೇಲೆ ನಾನು ಆ ಧ್ವನಿಯಲ್ಲಿ ಮಾತಾಡಿದ್ದು ಅದೇ ಮೊದಲಿರಬೇಕು.

ಅವಳು ನಗಲಿಲ್ಲ. ಹೊರಗೆ ಬಿಸಿಲು ಇಳಿಯುತ್ತಿತ್ತು.

"ನಂಗೂ ಆಸೆ ಇಲ್ಲ ಅನ್ಕೊಂಡಿದ್ದೀಯ? ಗಾರ್ಮೆಂಟ್ಸಿಂದ ಬರೋವಾಗ ಬಸ್ಸಲ್ಲಿ ಕುಂತು, ಇವತ್ತು ಯಾವ್ ರಾಜನ್ ಕತೆ ಬರೀತಾಳೋ ಅಂತ ಕಾಯ್ಕೊಂಡ್ ಬರ್ತಿದ್ದೆ. ಅದು ಓಯ್ತು ಕಣೇ. ನೀ ಎಷ್ಟ್ ಸಲ ಕೆಟ್ಟೋಗಿರೋ ಮಿಷಿನ್ ಒತ್ಕೊಂಡ್ ಬಂದ್ರೂ ಆ ಸಂಜೆ ಬರಾಕಿಲ್ಲ. ಇಲ್ ನನ್ ಕೈ ನಂದಲ್ಲ, ನೋಡಿದ್ಯಲ್ಲ? ಒಂದ್ ಗಳಿಗೆ ಒಂದ್ ಕಡೆ ಮಡಗಕ್ಕೆ ಆಯ್ತಿಲ್ಲ."

"ಗೊತ್ತು."

"ಗೊತ್ತಿದ್ರೆ ಸೋಮವಾರ ಕೊಟ್ಬುಡು ಅಂಗ್ಡಿಗೆ. ನಿನ್ ಕೆಲ್ಸ ನಿಲ್ಬಾರ್ದು. ಏಳು ಈಗ, ಮಂಜು ಬೀಳೋದ್ರೊಳ್ಗೆ ಭತ್ತ ಎತ್ಬೇಕು."

ನಾನು ಚೂಡಿದಾರದ ಕಾಲು ಮಡಿಸಿಕೊಂಡು ಅಂಗಳಕ್ಕಿಳಿದೆ. ಅವಳು ಹಲಗೆಯಿಂದ ಭತ್ತವನ್ನು ಗುಡ್ಡೆಗೆ ಎಳೆದಳು, ನಾನು ಉಳಿದ ಕಾಳನ್ನು ಪೊರಕೆಯಿಂದ ಒಟ್ಟು ಮಾಡಿದೆ. ಒಂದೆರಡು ಸಲ "ಅಂಗಲ್ಲ, ಇಂಗೆ" ಎಂದು ಬೈದಳು. ಬಸ್ಸಿನ ಹೊತ್ತಾಯಿತು. ಬಾವ ಬೈಕಿನಲ್ಲಿ ರಸ್ತೆಯವರೆಗೆ ಬಿಟ್ಟರು. ತಿರುಗಿ ನೋಡಿದಾಗ ಅವಳು ಗುಡ್ಡೆಯ ಮೇಲೆ ಟಾರ್ಪಾಲು ಎಳೆಯುತ್ತಿದ್ದಳು. ಕೈ ಬೀಸಲು ಬಿಡುವಿರಲಿಲ್ಲ.

ಸೋಮವಾರ ಅಂಗಡಿಗೆ ಕೊಟ್ಟೆ. "ಮನಸ್ಸು ಬಂತಾ ಮೇಡಂ?" ಎಂದರು ಅಂಗಡಿಯವರು. ಹೊಸ ಜಾಕ್ ಹಾಕಿ, ಫ್ಯಾನಿನ ಧೂಳು ತೆಗೆದು, ಒಂದು ಹೊಸ ಬ್ಯಾಟರಿಯನ್ನೂ ಸೇರಿಸಿ ಕೊಟ್ಟರು. ಕೋಣೆಗೆ ತಂದು ಪಿನ್ನು ಚುಚ್ಚಿದೆ. ಕೈಬಿಟ್ಟೆ. ದೀಪ ಉರಿಯುತ್ತಲೇ ಇತ್ತು. ವಯರನ್ನು ಬೇಕೆಂದೇ ಅಲ್ಲಾಡಿಸಿದೆ, ಆಗಲೂ ಆರಲಿಲ್ಲ. ಎಡಗಡೆಯ ಜಾಗದಲ್ಲಿ ಉತ್ತರಪತ್ರಿಕೆಗಳ ಕಟ್ಟನ್ನು ಇಟ್ಟುಕೊಂಡೆ.

ಆ ವಾರವೇ ಒಂದು ಸಂಜೆ ಅಕ್ಕನ ಫೋನು ಬಂತು.

"ಸರಿಯಾಯ್ತಾ ಮುದುಕಿ?"

"ಆಯ್ತು."

"ಕೆಲ್ಸ ಮಾಡ್ತಿದ್ದೀಯ?"

"ಹ್ಞೂಂ, ಟೈಪ್ ಮಾಡ್ತಾ ಕುಂತಿದ್ದೆ."

"ಮಾಡು. ನಾ ಸ್ಪೀಕರ್‌ಗೆ ಆಕಿ ಒಲೆ ಪಕ್ಕ ಗೂಡಲ್ಲಿ ಮಡಗ್ತೀನಿ. ಮಾತಾಡಕ್ಕೆ ಪುರ್ಸೊತ್ತಿಲ್ಲ ಕಣೇ, ಸುಮ್ಕೆ ಇರು ಅಂಗೇ."

ನಾನೂ ಫೋನನ್ನು ಸ್ಪೀಕರಿಗೆ ಹಾಕಿ ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟೆ. ಅವಳ ಮನೆಯ ಸದ್ದುಗಳು ಒಂದೊಂದಾಗಿ ನನ್ನ ಕೋಣೆಗೆ ಬಂದವು. ಒಗ್ಗರಣೆಯ ಚಟಪಟ. ಕುಕ್ಕರಿನ ಕೂಗು. "ಲೇ ಚಿನ್ನು, ಒಲೆ ತಾವ್ಕೆ ಬರ್ಬ್ಯಾಡ ಅಂದ್ನಲ್ಲ" ಎಂಬ ಗದರಿಕೆ. ನಡುವೆ ಒಮ್ಮೆ, ಯಾರಿಗೆಂದು ಹೇಳದೆ, "ಉಪ್ಪು ಆಕಿದ್ನಾ?" ಎಂದು ಕೇಳಿದಳು. "ಗೊತ್ತಿಲ್ಲ ಕಣಕ್ಕ" ಎಂದೆ. "ನಿನ್ನಲ್ಲ ಕೇಳಿದ್ದು, ನೀ ಬರಿ" ಎಂದಳು. ನಾನು ಬರೆದೆ. ಎಷ್ಟೋ ಕಾಲದ ಮೇಲೆ ಬಾಯಿಬಿಟ್ಟು ಓದಿಕೊಳ್ಳುತ್ತ ಬರೆದೆ. ಅವಳಿಗೆ ಕೇಳಿಸುತ್ತಿತ್ತೋ ಇಲ್ಲವೋ.

ಸ್ವಲ್ಪ ಹೊತ್ತಿಗೆ ಅವಳ ಸದ್ದು ನಿಂತಿತು. ಹಸುವನ್ನು ಕಟ್ಟಲು ಹಿತ್ತಲಿಗೆ ಹೋಗಿರಬೇಕು. ಬಹಳ ದೂರದಿಂದ "ಬಾ, ಬಾ, ಬಾ" ಎಂದು ಕರೆಯುವುದು ಕೇಳಿಸಿತು. ಫೋನನ್ನು ಮರೆತೇ ಹೋಗಿದ್ದಳು. ಫೋನಿನಲ್ಲಿ ಈಗ ಬರಿಯ ಅಡುಗೆಮನೆಯ ಸದ್ದಿತ್ತು. ಸಣ್ಣ ಉರಿಯಲ್ಲಿ ಏನೋ ಕುದಿಯುತ್ತಿತ್ತು. ನಾನು ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಅದನ್ನೇ ಕೇಳುತ್ತ ಕುಳಿತೆ. ಕರೆಯನ್ನು ಕಡಿಯಬಹುದಿತ್ತು. ಕಡಿಯಲಿಲ್ಲ.

ಬಾಗಿಲ ಸದ್ದಾಯಿತು. ಬಾವನ ಧ್ವನಿ ಫೋನಿನ ತೀರ ಹತ್ತಿರದಲ್ಲಿ ಕೇಳಿಸಿತು.

"ಏಯ್, ಇದ್ಯಾರ್ದು ಫೋನು? ಇನ್ನೂ ಓಡ್ತಾನೇ ಅದಲ್ಲ. ಕಟ್ ಮಾಡ್ಲಾ?"

ಹಿತ್ತಲಿನಿಂದ ಅಕ್ಕ ಕೂಗಿ ಹೇಳಿದಳು:

"ಮಾಡ್ಬ್ಯಾಡಿ ಕಣ್ರೀ! ನನ್ ತಂಗಿ ಅವ್ಳೆ ಅಲ್ಲಿ, ಬರೀತಾ ಕುಂತವ್ಳೆ. ಬುಡಿ, ನಾ ಬತ್ತೀನಿ."

ಅವಳು ಬರುವವರೆಗೆ ನಾನು ಟೈಪ್ ಮಾಡುತ್ತಲೇ ಇದ್ದೆ.